ಕುರ್ಚಿಯ ಹಿಂದೆ ನಿಂತವರು

ನಾನು ಈಗ ಕೂತು ಬರೆಯುತ್ತಿರುವ ಕುರ್ಚಿಗೆ ಒಂದು ವಿಚಿತ್ರ ಸವಕಳಿ ಇದೆ. ಕುರ್ಚಿ ಅಂದಮೇಲೆ ಕೂರುವ ಜಾಗ ಸವೆಯಬೇಕು, ಇಲ್ಲವೇ ಕಾಲು ಅಲುಗಬೇಕು. ಇದರ ಕಾಲು, ಆಸನ ಎರಡೂ ಗಟ್ಟಿಮುಟ್ಟಾಗಿವೆ. ಸವೆದಿರುವುದು ಬೆನ್ನಿನ ಮೇಲಿನ ಪಟ್ಟಿ. ಅಲ್ಲಿ ಪಾಲಿಶ್ ಪೂರ್ತಿ ಹೋಗಿ, ಮರ ಸ್ವಲ್ಪ ತಗ್ಗಾಗಿ, ಮುಟ್ಟಿದರೆ ಸಾಬೂನಿನ ಹಾಗೆ ನುಣ್ಣಗಿದೆ. ಮನೆಗೆ ಬಂದವರು ಯಾರೂ ಅದನ್ನು ಗಮನಿಸುವುದಿಲ್ಲ. ಗಮನಿಸಿದವರಿಗೆ ನಾನು ಕಥೆ ಹೇಳದೆ ಬಿಡುವುದಿಲ್ಲ. ನೀವು ಗಮನಿಸಿಲ್ಲ, ಆದರೂ ಸಿಕ್ಕಿಬಿದ್ದಿದ್ದೀರಿ, ಕೇಳಿ.

ಅಪ್ಪ ಮೀಸೆ ಚಿಗುರುವ ವಯಸ್ಸಿನಲ್ಲಿ ಉಡುಪಿ ಕಡೆಯಿಂದ ಈ ಊರಿಗೆ ಬಂದವರು. ಯಾರದೋ ಹೋಟೆಲಿನಲ್ಲಿ ಟೇಬಲ್ ಒರೆಸಿ, ಆಮೇಲೆ ಕಾಫಿ ಬೆರೆಸಿ, ಕೊನೆಗೆ ಮೈಲಾಪೂರಿನ ಕೊಳದ ಹಿಂದಿನ ಬೀದಿಯಲ್ಲಿ ತಮ್ಮದೇ ಊಟದ ಹೋಟೆಲು ಇಟ್ಟರು. ದೊಡ್ಡದೇನಲ್ಲ, ನಮ್ಮ ಈಗಿನ ಫ್ಲ್ಯಾಟಿನ ಹಾಲ್, ಅಡುಗೆಮನೆ ಸೇರಿಸಿದರೆ ಎಷ್ಟೋ ಅಷ್ಟು. ಆದರೆ ಮಧ್ಯಾಹ್ನ ಅದು ರಣರಂಗ. ಸುತ್ತಲಿನ ಬ್ಯಾಂಕು, ಆಫೀಸು, ವಕೀಲರ ಕಚೇರಿಯವರೆಲ್ಲ ಒಂದೇ ಸಲ ಹಸಿದು ಬರುತ್ತಿದ್ದರು. ಕುರ್ಚಿ ಕಡಿಮೆ, ಹೊಟ್ಟೆ ಜಾಸ್ತಿ. ಬಾಗಿಲಲ್ಲಿ ಸಾಲು ನಿಲ್ಲಿಸುವುದು, ಟೋಕನ್ ಕೊಡುವುದು, ಹೆಸರು ಬರೆದುಕೊಳ್ಳುವುದು, ಇವೊಂದೂ ಇರಲಿಲ್ಲ. ಬಂದವರು ಸೀದಾ ಒಳಗೆ ನಡೆದು, ಉಣ್ಣುತ್ತಿರುವ ಒಬ್ಬರನ್ನು ಆರಿಸಿಕೊಂಡು, ಅವರ ಕುರ್ಚಿಯ ಹಿಂದೆ ನಿಂತು ಬೆನ್ನುಪಟ್ಟಿಯ ಮೇಲೆ ಕೈ ಇಡುತ್ತಿದ್ದರು. ಕೈ ಇಟ್ಟರೆ ಮುಗಿಯಿತು, ಅವರು ಎದ್ದ ಮೇಲೆ ಆ ಕುರ್ಚಿ ಇವರದು. ಈ ಊರಿನಲ್ಲಿ ಮಧ್ಯಾಹ್ನ ಹೊರಗೆ ಉಂಡವರಿಗೆ ಇದು ಹೊಸತಲ್ಲ. ಹಳೆಯ ಮೆಸ್ಸುಗಳಲ್ಲಿ ಈಗಲೂ ಹೀಗೇ.

ಈ ನಿಲ್ಲುವುದಕ್ಕೂ ಒಂದು ಮರ್ಯಾದೆ ಇತ್ತು. ನಿಂತವರು ಉಣ್ಣುವವರ ಎಲೆ ನೋಡಬಾರದು. ಫ್ಯಾನ್ ನೋಡಬಹುದು, ದೇವರ ಪಟ ನೋಡಬಹುದು, ಗಡಿಯಾರ ಮಾತ್ರ ನೋಡಬಾರದು. "ಇನ್ನೆಷ್ಟು ಹೊತ್ತು" ಎಂದು ಕೇಳುವುದಂತೂ ಮಹಾಪರಾಧ. ಕರ್ಚೀಫು ಹಾಕಿ ಜಾಗ ಹಿಡಿಯುವುದು ಬಸ್ಸಿನಲ್ಲಿ ನಡೆದೀತು, ಅಪ್ಪನ ಹೋಟೆಲಿನಲ್ಲಿ ಇಲ್ಲ. ಕೈ ಇಟ್ಟವರು ನಡುವೆ ಆಚೆ ಹೋದರೆ ಹಕ್ಕು ಹೋಯಿತು. ಕೂತವರಿಗೂ ಒಂದು ಮರ್ಯಾದೆ ಇತ್ತು. ಹಿಂದೆ ಯಾರೋ ನಿಂತಿದ್ದಾರೆಂದು ಗಬಗಬ ನುಂಗಬೇಕಾಗಿರಲಿಲ್ಲ. ಆದರೆ ಉಂಡು ಮುಗಿದು ಎಲೆ ಮಡಚಿದ ಮೇಲೆ ಹಲ್ಲುಕಡ್ಡಿ ಆಡಿಸುತ್ತ ಕೂರುವ ಹಾಗೂ ಇರಲಿಲ್ಲ. ಎದ್ದು, ಕುರ್ಚಿಯನ್ನು ನಿಂತವರ ಕಡೆಗೆ ಒಂಚೂರು ತಿರುಗಿಸಿ, ಕೈ ತೊಳೆಯಲು ಹೋಗಬೇಕು. ಇಷ್ಟನ್ನು ಯಾರೂ ಯಾರಿಗೂ ಕಲಿಸಿಕೊಟ್ಟದ್ದಲ್ಲ. ಇಬ್ಬರು ಒಂದೇ ಕುರ್ಚಿಗೆ ಕೈ ಹಾಕಿದಾಗ ಮಾತ್ರ ಗಲ್ಲಾದಲ್ಲಿದ್ದ ಅಪ್ಪ ಹುಬ್ಬು ಎತ್ತುತ್ತಿದ್ದರು, ಒಬ್ಬರು ಕೈ ತೆಗೆಯುತ್ತಿದ್ದರು.

ಶಾಲೆಗೆ ರಜೆಯಿದ್ದ ದಿನ ನನಗೆ ಗಲ್ಲಾದ ಪಕ್ಕದ ಸ್ಟೂಲೇ ಗತಿ. ಅಲ್ಲಿಂದ ನೋಡುತ್ತ ಕೂತರೆ ಒಳ್ಳೆ ತಮಾಷೆ. ಮೂರು ನಾಮ ಧರಿಸಿ ಆಫೀಸಿಗೆ ಹೋಗುವ ಒಬ್ಬ ಮಾಮಾ ಇದ್ದರು. ಅವರು ಎಷ್ಟು ತಡವಾಗಿ ಬಂದರೂ ಎಲ್ಲರಿಗಿಂತ ಮೊದಲು ಕೂರುತ್ತಿದ್ದರು. ಗುಟ್ಟೇನು ಅಂತ ಒಂದು ದಿನ ಕೇಳಿಯೇ ಬಿಟ್ಟೆ. ಒಳಗೆ ಬರುವಾಗಲೇ ಹಪ್ಪಳ ನೋಡಬೇಕಂತೆ. ಸಾರನ್ನಕ್ಕೆ ಬಂದರೂ ಹಪ್ಪಳ ಮುರಿಯದೆ ಇಟ್ಟುಕೊಂಡವನ ಹಿಂದೆ ಜನ್ಮದಲ್ಲಿ ನಿಲ್ಲಬಾರದಂತೆ, ಅವನು ಮಜ್ಜಿಗೆ ಅನ್ನಕ್ಕೆ ಅದನ್ನು ಉಳಿಸಿಕೊಂಡಿದ್ದಾನೆ, ಎರಡು ಸಲ ಮಜ್ಜಿಗೆ ಕೇಳುವ ಆಸಾಮಿ. ಎಲೆ ನೋಡಬಾರದೆಂಬ ನಿಯಮ ಮುರಿಯದೆ, ನೋಡುವುದನ್ನು ಬಾಗಿಲಲ್ಲೇ ಮುಗಿಸಿಕೊಂಡು ಬರುತ್ತಿದ್ದ ಆ ಮಹಾನುಭಾವರೇ ನನ್ನ ಮೊದಲ ಮ್ಯಾನೇಜ್‌ಮೆಂಟ್ ಗುರು ಎಂದು ಈಗ ಅನ್ನಿಸುತ್ತದೆ.

ನನಗೊಂದು ಕೆಟ್ಟ ಅಭ್ಯಾಸವಿತ್ತು. ಜನ ಕರಗಿದ ಮೇಲೆ ನನ್ನ ಊಟ. ಆಗಷ್ಟೇ ಎದ್ದುಹೋದವರ ಕುರ್ಚಿ ಬೆಚ್ಚಗಿರುತ್ತಿತ್ತಲ್ಲ, ಅದರಲ್ಲಿ ಕೂರಲು ನನಗೆ ಹೇಸಿಗೆ. ತಟ್ಟೆ ತಂದು ಗಾಳಿ ಬೀಸಿ ಕುರ್ಚಿಯನ್ನು ತಣ್ಣಗೆ ಮಾಡುತ್ತಿದ್ದೆ. ಅಪ್ಪ ಒಂದು ದಿನ ತಟ್ಟೆ ಕಿತ್ತುಕೊಂಡು, "ಬಿಸಿ ಇದ್ರೆ ಒಳ್ಳೇದಲ್ವಾ ಮಾರಾಯ್ತಿ. ನಿಂಗೆ ಅಂತ ಒಬ್ರು ಎದ್ದು ಕೊಟ್ಟ ಜಾಗ ಅದು. ಸುಮ್ನೆ ಕೂತ್ಕೊ" ಅಂದರು. ಕೂತೆ. ಮುಖ ಮಾತ್ರ ಊದಿಸಿಕೊಂಡೇ ಉಂಡೆ.

ಕಟ್ಟಡದ ಯಜಮಾನರು ಅದನ್ನು ಕೆಡವಿ ಫ್ಲ್ಯಾಟು ಕಟ್ಟಲು ಹೊರಟಾಗ ಹೋಟೆಲು ಮುಚ್ಚಿತು. ಪಾತ್ರೆ, ಗ್ರೈಂಡರು, ಕುರ್ಚಿ ಎಲ್ಲ ಹೋದವು. ಅಪ್ಪ ದೇವರ ಪಟವನ್ನೂ ಈ ಒಂದು ಕುರ್ಚಿಯನ್ನೂ ಉಳಿಸಿಕೊಂಡು ನಮ್ಮ ಮನೆಗೆ ಬಂದರು. ಪಟ ದೇವರ ಕೋಣೆಗೆ ಹೋಯಿತು, ಕುರ್ಚಿ ನನ್ನ ಪಾಲಿಗೆ ಬಂತು.

ಈಗ ನನ್ನ ಕಥೆ. ನಾನೊಂದು ಕಾಲೇಜಿನ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ವರ್ಷ ವರ್ಷ ಸಹಿ ಹಾಕಿ ಮುಂದುವರಿಯುವ ಕೆಲಸ. ಪಿಎಚ್‌.ಡಿ. ಇಲ್ಲದವರನ್ನು ಹೆಚ್ಚು ಕಾಲ ಇಟ್ಟುಕೊಳ್ಳಲಾಗದು ಎಂದು ಪ್ರಿನ್ಸಿಪಾಲರು ನಯವಾಗಿ ಹೇಳಿಯಾಗಿತ್ತು. ಆದರೆ ನನಗೆ ಅದರ ಚಿಂತೆಗಿಂತ ಓದುವ ಚಪಲವೇ ದೊಡ್ಡದು. ನಲವತ್ತು ದಾಟುವ ಹೊತ್ತಿಗೆ ಹೆಂಗಸರಿಗೆ ಕಾಶಿಯಾತ್ರೆಯ ಆಸೆ ಬರುತ್ತದಂತೆ, ನನಗೆ ಪಿಎಚ್‌.ಡಿ.ಯ ಆಸೆ ಬಂತು. ಕೆಲಸ ಬಿಟ್ಟು ಓದಬೇಕಾದರೆ ಸ್ಕಾಲರ್‌ಶಿಪ್ ಬೇಕೇ ಬೇಕು, ನಮ್ಮ ಯಜಮಾನರ ಒಂದು ಸಂಬಳದಲ್ಲಿ ಮನೆ, ಮಗಳ ಓದು, ಅಪ್ಪನ ಔಷಧ ಎಲ್ಲ ಸಾಗದು. ನಗರದ ಒಂದು ಸಂಸ್ಥೆ ಸಣ್ಣ ವ್ಯಾಪಾರಗಳ ಬಗ್ಗೆ ಸಂಶೋಧನೆ ಮಾಡುವ ಒಬ್ಬರಿಗೆ ಪ್ರತಿವರ್ಷ ಪೂರ್ತಿ ವಿದ್ಯಾರ್ಥಿವೇತನ ಕೊಡುತ್ತದೆ. ಒಬ್ಬರಿಗೆ ಮಾತ್ರ. ಅದಕ್ಕೆ ವಯಸ್ಸಿನ ಮಿತಿಯೂ ಇದೆ.

ಮೊದಲ ಸಲ ಅರ್ಜಿ ಹಾಕಿದಾಗ ನನ್ನ ಪ್ರಪೋಸಲ್ ಓದಿದರೆ ನನಗೇ ಅರ್ಥವಾಗುತ್ತಿರಲಿಲ್ಲ. ಕಂಡ ಕಂಡ ಪತ್ರಿಕೆಗಳಿಂದ ಭಾರದ ಮಾತುಗಳನ್ನು ಹೆಕ್ಕಿ, ಒಂದು ವಾಕ್ಯಕ್ಕೆ ಮೂರರಂತೆ ತುರುಕಿದ್ದೆ. ಸಂದರ್ಶನಕ್ಕೂ ಕರೆಯಲಿಲ್ಲ. ಮರುವರ್ಷ ಜಾಣತನ ಮಾಡಿ, ಎಲ್ಲರೂ ಬರೆಯುವ ವಿಷಯವನ್ನೇ ಬರೆದೆ: ಮೊಬೈಲಿನಲ್ಲಿ ಹಣ ಕೊಡುವುದರಿಂದ ಗಿರಾಕಿಗೆ ತೃಪ್ತಿ ಆಗುತ್ತದೋ ಇಲ್ಲವೋ. ಸಂದರ್ಶನಕ್ಕೆ ಕರೆದರು. ಇದೇ ವಿಷಯದ ಅರ್ಜಿಗಳು ಬೆಳಗಿನಿಂದ ಬರುತ್ತಲೇ ಇವೆ, ನಿಮ್ಮದರಲ್ಲಿ ಬೇರೆ ಏನಿದೆ ಎಂದು ಸಮಿತಿಯವರೊಬ್ಬರು ಆಕಳಿಕೆ ತಡೆದುಕೊಂಡು ಕೇಳಿದರು. ಏನೂ ಇರಲಿಲ್ಲ. ಮನೆಗೆ ಬಂದು ಕುಕ್ಕರ್ ಕುಕ್ಕಿದೆ, ಬಾಗಿಲು ಬಡಿದೆ, ಬಟ್ಟೆ ಒಗೆಯದಿದ್ದ ಯಜಮಾನರನ್ನು ಬೈದೆ. ಅವರು ಊರಲ್ಲೇ ಇರಲಿಲ್ಲ, ಸೇಲ್ಸ್ ಕೆಲಸದ ಮೇಲೆ ಕೊಯಮತ್ತೂರಿನಲ್ಲಿದ್ದರು. ಫೋನಿನಲ್ಲೇ ಬೈದೆ.

ಮೂರನೆಯ ವರ್ಷ ನನ್ನ ವಯಸ್ಸಿಗೆ ಕೊನೆಯ ಅವಕಾಶ. ಈ ಸಲ ತಪ್ಪಿದರೆ ಮತ್ತೆ ಅರ್ಜಿ ಹಾಕುವ ಹಾಗೇ ಇಲ್ಲ. ಕಂಪ್ಯೂಟರಿನ ಮುಂದೆ ಇದೇ ಕುರ್ಚಿಯಲ್ಲಿ ಕೂತು ವಿಷಯ ಹೊಳೆಯದೆ ಒದ್ದಾಡುತ್ತಿದ್ದೆ. ಮಗಳು ಅನಘಾ ಹಿಂದೆ ಬಂದು, ಬೆನ್ನುಪಟ್ಟಿಯ ಮೇಲೆ ಎರಡೂ ಕೈಯೂರಿ ಪರದೆ ನೋಡುತ್ತ ನಿಂತಳು. ಪ್ಲಸ್ ಟೂ ಓದುತ್ತಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವುದು ಅವಳ ರೂಢಿ, ಬೈದು ಬೈದು ನಾನೇ ಸೋತಿದ್ದೇನೆ.

"ಅಮ್ಮಾ, ಇಂಗ ಮಟ್ಟುಂ ಏನ್ ತೇಂಜು ಪೋಯಿರುಕ್ಕು?" ಅಂದಳು. ಇಲ್ಲಿ ಮಾತ್ರ ಯಾಕೆ ಸವೆದುಹೋಗಿದೆ ಅಂತ. ಅವಳ ಅಂಗೈ ಆ ತಗ್ಗಿನಲ್ಲಿ ಸರಿಯಾಗಿ ಕೂತಿತ್ತು.

ಅದು ಕಾಯುತ್ತ ನಿಂತವರ ಕೈ ಸವೆಸಿದ್ದು ಎಂದು ಹೇಳತೊಡಗಿದೆ. ಫ್ಯಾನ್ ನೋಡುವುದು, ಹಪ್ಪಳ, ಅಪ್ಪನ ಹುಬ್ಬು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಬಾಯಿ ನಿಂತೇಹೋಯಿತು. ಅಲ್ಲ, ಸಾಲಿಲ್ಲ, ಟೋಕನ್ನಿಲ್ಲ, ನೋಡಿಕೊಳ್ಳಲು ಆಳಿಲ್ಲ. ಹಸಿದ ಜನ. ಆದರೂ ಜಗಳವಿಲ್ಲದೆ ಎಲ್ಲರೂ ಉಂಡು ಆಫೀಸಿಗೆ ಹೋದರು, ವರ್ಷಾನುಗಟ್ಟಲೆ. ಇದನ್ನು ನಡೆಸಿದವರು ಯಾರು? ಎರಡು ವರ್ಷ ನಾನು ಹುಡುಕಿದ ಪ್ರಶ್ನೆ ನನ್ನ ಬೆನ್ನ ಹಿಂದೆಯೇ ಇತ್ತು. ಅಂದೇ ಬರೆಯಲು ಕೂತೆ. ಭಾರದ ಮಾತು ಒಂದೂ ಬೇಕಾಗಲಿಲ್ಲ.

ಸಂದರ್ಶನಕ್ಕೆ ಕರೆ ಬಂತು. ಅವತ್ತು ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹೊರಗೆ ಬೆಂಚಿನಲ್ಲಿ ಕೂತಿದ್ದೆ. ಅಟೆಂಡರ್ ಬಂದು ನನ್ನ ಹೆಸರು ಕೂಗಿ ಒಳಗೆ ಹೋಗಿ ಎಂದ. ಬಾಗಿಲು ತಳ್ಳಿದೆ. ಸಮಿತಿಯ ಮೂವರು ಸಾಲಾಗಿ ಕೂತಿದ್ದಾರೆ, ಅವರ ಎದುರಿಗೆ ಒಂದೇ ಕುರ್ಚಿ, ಅದರಲ್ಲಿ ಒಬ್ಬ ಹುಡುಗಿ ಇನ್ನೂ ಉತ್ತರ ಕೊಡುತ್ತಿದ್ದಾಳೆ. ಅಟೆಂಡರ್ ಅವಸರ ಮಾಡಿದ್ದ. ಬುದ್ಧಿಯಿದ್ದವರು ಸಾರಿ ಅಂದು ಹೊರಗೆ ಬರುತ್ತಾರೆ. ನನ್ನ ಬುದ್ಧಿ ಹೆದರಿಕೆಯಲ್ಲಿ ಎಲ್ಲಿಗೋ ಹೋಗಿತ್ತು, ಕಾಲುಗಳು ಮಾತ್ರ ಅಪ್ಪನ ಹೋಟೆಲಿನವು. ಸೀದಾ ನಡೆದು ಹೋಗಿ ಆ ಹುಡುಗಿಯ ಕುರ್ಚಿಯ ಹಿಂದೆ ನಿಂತೆ. ಬೆನ್ನುಪಟ್ಟಿಯ ಮೇಲೆ ಕೈ ಇಟ್ಟೆ. ಫ್ಯಾನ್ ನೋಡೋಣವೆಂದರೆ ಎ.ಸಿ. ರೂಮು, ಪ್ರೊಜೆಕ್ಟರ್ ನೋಡುತ್ತ ನಿಂತೆ.

ಆ ಹುಡುಗಿಯೂ ಈ ಊರಿನವಳೇ ತಾನೇ. ಹಿಂದೆ ಕೈ ಬಂದದ್ದು ಗೊತ್ತಾದದ್ದೇ, ಮಾತು ಅರ್ಧಕ್ಕೆ ಬಿಟ್ಟು ಫೈಲು ಮಡಚಿ ಏಳಲು ಹೊರಟಳು. ಅಧ್ಯಕ್ಷೆಯಾಗಿದ್ದ ಬಿಳಿಕೂದಲಿನ ಮೇಡಂ ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. ನಿಮಗೆ ಏಳಲು ಯಾರು ಹೇಳಿದರು ಎಂದು ಅವಳನ್ನೂ, ನೀವು ಅಲ್ಲೇನು ಮಾಡುತ್ತಿದ್ದೀರಿ ಎಂದು ನನ್ನನ್ನೂ ಕೇಳಿದರು. ಆಗ ನನಗೆ ಎಚ್ಚರವಾಯಿತು. ಭೂಮಿ ಬಾಯಿ ಬಿಡಲಿಲ್ಲ, ಕ್ಷಮೆ ಕೇಳಿ ಹೊರಗೆ ಓಡಿಬಂದೆ.

ಸ್ವಲ್ಪ ಹೊತ್ತಿಗೆ ಅವಳೂ ಹೊರಗೆ ಬಂದಳು. ಹೆಸರು ಸೆಲ್ವಿ. ತಿರುವೊಟ್ಟಿಯೂರಿನವಳು. ತಾಯಿ ಮೀನು ಮಾರುತ್ತಾರೆ, ಬೆಳಗಿನ ಮೀನಿನ ಹರಾಜೇ ಅವಳ ವಿಷಯ. ನಾನು ತಪ್ಪಾಯಿತೆಂದೆ, ಕೈ ಮುಗಿಯುವುದೊಂದು ಬಾಕಿ. ಅವಳು ನಕ್ಕುಬಿಟ್ಟಳು. ಕೊನೆಯ ಉತ್ತರ ಎಲ್ಲೆಲ್ಲಿಗೋ ಎಳೆದುಕೊಂಡು ಹೋಗುತ್ತಿತ್ತು, ನೀವು ಬಂದು ಕಾಪಾಡಿದಿರಿ ಅಕ್ಕಾ ಎಂದಳು. ಫೋನ್ ನಂಬರನ್ನೂ ಕೊಟ್ಟಳು, ನನ್ನದನ್ನೂ ಬರೆದುಕೊಂಡಳು. ಅಷ್ಟರಲ್ಲಿ ನನ್ನನ್ನು ಮತ್ತೆ ಕರೆದರು.

ಇನ್ನು ಕಳೆದುಕೊಳ್ಳಲು ಏನಿದೆ ಅಂತ ಕೂತವಳೇ, ನಾನು ಆಗ ಮಾಡಿದ್ದೇ ನನ್ನ ಸಂಶೋಧನೆಯ ವಿಷಯ ಎಂದೆ. ಮೇಡಂ ನಕ್ಕರು. ಹೋದ ವರ್ಷ ಆಕಳಿಕೆ ತಡೆದುಕೊಂಡವರು ಈ ಸಲ ಮುಂದಕ್ಕೆ ಬಾಗಿ ಕೂತು, ಇದು ಬರೀ ರೂಢಿಯಲ್ಲವೇ, ಇದರಲ್ಲಿ ಮ್ಯಾನೇಜ್‌ಮೆಂಟ್ ಎಲ್ಲಿದೆ ಎಂದರು. ಮ್ಯಾನೇಜರ್ ಇಲ್ಲದೆ ನಡೆಯುವುದರಲ್ಲಿ ಮ್ಯಾನೇಜ್‌ಮೆಂಟ್ ಎಲ್ಲಿದೆ ಅಂತಲೇ ನನಗೂ ತಿಳಿಯಬೇಕು ಸರ್ ಎಂದೆ. ಹುಡುಕಿದರೂ ಏನೂ ಸಿಗದಿದ್ದರೆ? "ಸಿಗುವವರೆಗೆ ನಿಂತಿರ್ತೇನೆ ಸರ್, ನನಗೆ ನಿಂತು ಅಭ್ಯಾಸ ಉಂಟು" ಎಂದುಬಿಟ್ಟೆ. ಎಲ್ಲಿಂದ ಬಂತೋ ಆ ಧೈರ್ಯ.

ಫಲಿತಾಂಶ ಬಂತು. ಆಯ್ಕೆಯಾದವಳು ಸೆಲ್ವಿ. ಕಾಯುವವರ ಪಟ್ಟಿಯಲ್ಲಿ ಮೊದಲನೆಯವಳು ನಾನು.

ಸುಳ್ಳು ಯಾಕೆ, ಹೊಟ್ಟೆ ಉರಿಯಿತು. ಒಳ್ಳೆಯ ಹುಡುಗಿ, ನಕ್ಕು ಮಾತಾಡಿಸಿದವಳು ಎಂಬುದೆಲ್ಲ ಆಮೇಲೆ. ಹಿಂದೆ ನಿಂತು ಅವಳ ಜಾಗಕ್ಕೆ ದೃಷ್ಟಿ ಹಾಕುವ ಬದಲು ನನ್ನದನ್ನು ನೋಡಿಕೊಳ್ಳಬಾರದಿತ್ತೇ ಎಂದು ನನ್ನನ್ನೇ ಬೈದುಕೊಂಡೆ. ಕಾಯುವ ಪಟ್ಟಿಯೆಂದರೆ ಮರ್ಯಾದಸ್ಥರು "ಇಲ್ಲ" ಅನ್ನುವ ರೀತಿ ಅಷ್ಟೇ. ಆಯ್ಕೆಯಾದವರು ಕೊನೆಯ ದಿನಾಂಕದೊಳಗೆ ತಾವಾಗಿ ಬೇಡವೆಂದು ಬರೆದುಕೊಟ್ಟರೆ ಮಾತ್ರ ಅದು ನನಗೆ ಬರುತ್ತದೆ. ಆಮೇಲೆ ಬಿಟ್ಟರೆ ಆ ವರ್ಷದ ವೇತನ ಯಾರಿಗೂ ಇಲ್ಲ. ಅಂಥದ್ದನ್ನು ಯಾರು ಬಿಡುತ್ತಾರೆ?

ಅಪ್ಪನಿಗೆ ಹೇಳಿದೆ. ಅವರಿಗೆ ಪಿಎಚ್‌.ಡಿ. ಎಂದರೆ ಏನೆಂದು ಸರಿಯಾಗಿ ಗೊತ್ತಿಲ್ಲ. ಮಂಚದ ಮೇಲೆ ಕಾಲು ಇಳಿಬಿಟ್ಟು ಪೂರ್ತಿ ಕೇಳಿಸಿಕೊಂಡರು.

"ಹಿಂದೆ ನಿಂತಾಯ್ತಲ್ಲ? ಇನ್ನು ಕೈ ತೆಗೀಬೇಡ. ನೀರು ಕುಡೀಲಿಕ್ಕೆ ಅಂತ ಆಚೆ ಹೋದ್ರೂ ಹಕ್ಕು ಹೋಗ್ತದೆ."

"ಅವಳು ಏಳದಿದ್ರೆ ಅಪ್ಪ?"

"ಏಳದಿದ್ರೆ ಅದು ಅವಳ ಊಟ. ನೀ ಕೇಳ್ಲಿಕ್ಕೆ ಹೋಗ್ಬೇಡ."

ಕೈ ತೆಗೆಯದಿರುವುದು ಎಂದರೆ ಏನು ಅಂತ ಯೋಚಿಸಿದೆ. ಮಾರನೆಯ ದಿನದಿಂದಲೇ ಕಾಲೇಜಿನ ಊಟದ ವಿರಾಮದಲ್ಲಿ ಹತ್ತಿರದ ಒಂದು ಹಳೆಯ ಮೆಸ್ಸಿಗೆ ಹೋಗಿ ನಿಲ್ಲತೊಡಗಿದೆ. ವೇತನ ಕೊಡಲಿ ಬಿಡಲಿ, ಕೆಲಸ ಶುರುವಾಗಲಿ. ಯಾರು ಯಾರ ಹಿಂದೆ ನಿಲ್ಲುತ್ತಾರೆ, ಎಲ್ಲಿ ನೋಡುತ್ತಾರೆ, ಕೂತವರಿಗೆ ಹೇಗೆ ಗೊತ್ತಾಗುತ್ತದೆ ಎಂದು ನೋಡುತ್ತ ನಿಂತೆ. ಮೆಸ್ಸಿನ ಯಜಮಾನರು ಮೊದಲು ನನ್ನನ್ನು ಯಾವುದೋ ಇಲಾಖೆಯವಳೆಂದು ತಿಳಿದು ಎರಡು ಪಾಯಸ ಕೊಟ್ಟರು. ವಿಷಯ ಗೊತ್ತಾದ ಮೇಲೆ ಒಂದನ್ನೂ ಕೊಡಲಿಲ್ಲ. ಈಗ ಜನ ಫ್ಯಾನ್ ಬದಲು ಫೋನ್ ನೋಡುತ್ತಾರೆ, ಆದರೆ ಕೈ ಮಾತ್ರ ಕುರ್ಚಿಯ ಮೇಲೇ ಇರುತ್ತದೆ. ಹಪ್ಪಳ ಉಳಿಸಿಕೊಳ್ಳುವವರು ಹಾಗೆಯೇ ಇದ್ದಾರೆ, ಆ ವಿಷಯದಲ್ಲಿ ದೇಶ ಏನೂ ಬದಲಾಗಿಲ್ಲ.

ಅತ್ತ ಕಾಲೇಜಿನಲ್ಲಿ ಮುಂದಿನ ವರ್ಷದ ಸಹಿಗೆ ಕರೆದರು. ಸಹಿ ಹಾಕಿದರೆ ವರ್ಷ ಮುಗಿಯುವವರೆಗೆ ಬಿಡುವ ಹಾಗಿಲ್ಲ. ಸ್ಕಾಲರ್‌ಶಿಪ್ಪಿನ ಕೊನೆಯ ದಿನಾಂಕದವರೆಗೆ ಸಮಯ ಕೇಳಿದೆ. ಪ್ರಿನ್ಸಿಪಾಲರ ಮುಖ ಗಂಟಾಯಿತು. ನಿಮ್ಮ ಜಾಗಕ್ಕೆ ಬರಲು ಬೇಕಾದಷ್ಟು ಜನ ಇದ್ದಾರೆ ಎಂದರು. ಅವರ ಮಾತು ನಿಜ, ನನ್ನ ಕುರ್ಚಿಯ ಹಿಂದೆಯೂ ಯಾರೋ ನಿಂತಿರುತ್ತಾರೆ. ಆದರೂ ಸಹಿ ಹಾಕಲಿಲ್ಲ.

ನಿಜವಾದ ಪರೀಕ್ಷೆ ಮಾತ್ರ ನನ್ನ ಕೈಚೀಲದಲ್ಲೇ ಇತ್ತು. ಸೆಲ್ವಿಯ ನಂಬರ್. ಸೇರುತ್ತೀಯಾ ಎಂದು ಒಂದು ಮಾತು ಕೇಳಿದರೆ ನನ್ನ ತಲೆ ಹಗುರವಾಗುತ್ತಿತ್ತು. ಅದರಲ್ಲಿ ತಪ್ಪೇನಿದೆ ಎಂದು ಅನಘಾಳೂ ಕೇಳಿದಳು. ಎಷ್ಟೋ ಸಲ ಫೋನ್ ಕೈಗೆ ತೆಗೆದುಕೊಂಡೆ, ಹೆಸರನ್ನು ತೆರೆದೆ, ಮತ್ತೆ ಕೆಳಗಿಟ್ಟೆ. ಉಣ್ಣುತ್ತಿರುವವರನ್ನು ಇನ್ನೆಷ್ಟು ಹೊತ್ತು ಎಂದು ಕೇಳಬಾರದು. ಅದನ್ನು ಕೇಳಿ ಪಡೆದ ಕುರ್ಚಿಯಲ್ಲಿ ಕೂತು ಇಂಥ ವಿಷಯದ ಮೇಲೆ ಸಂಶೋಧನೆ ಮಾಡುವ ಮುಖ ನನಗಿರಲಿಲ್ಲ. ಕೇಳಲಿಲ್ಲ. ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ, ಕೇಳಲಿಲ್ಲ.

ಕೊನೆಯ ದಿನಾಂಕ ಇನ್ನೇನು ಬಂತು ಎನ್ನುವಾಗ ಅವಳೇ ಫೋನ್ ಮಾಡಿದಳು. ಮೆಸ್ಸಿನ ಗಲಾಟೆಯ ನಡುವೆ ನಿಂತಿದ್ದೆ, ಹೊರಗೆ ಓಡಿಬಂದೆ. ಅವಳಿಗೆ ಹೊರದೇಶದ ಒಂದು ವಿಶ್ವವಿದ್ಯಾಲಯದಿಂದ ಸೀಟೂ ವೇತನವೂ ಬಂದಿತ್ತಂತೆ, ಪತ್ರ ಕೈಗೆ ಸಿಕ್ಕಿದೆಯಂತೆ. ಅಲ್ಲಿಗೆ ಹೋಗಿ ನೆಲೆ ನಿಲ್ಲುವವರೆಗೆ ಇಲ್ಲಿಯದನ್ನೂ ಹಿಡಿದುಕೊಂಡಿರು, ಯಾರೂ ಕೇಳುವುದಿಲ್ಲ ಎಂದು ಎಲ್ಲರೂ ಬುದ್ಧಿ ಹೇಳಿದರಂತೆ.

"ಆದರೆ ನೀವು ಹಿಂದೆ ನಿಂತಿದ್ದು ನನಗೆ ಗೊತ್ತಲ್ಲ ಅಕ್ಕಾ" ಎಂದು ತಮಿಳಿನಲ್ಲಿ ಹೇಳಿದಳು. "ಕೈ ಇಟ್ಟಿದ್ದಿರಿ. ಒಂದು ಸಲವಾದರೂ ಫೋನ್ ಮಾಡ್ತೀರಿ ಅಂದುಕೊಂಡೆ, ಮಾಡಲೇ ಇಲ್ಲ."

ನಾಳೆ ಬೆಳಿಗ್ಗೆ ಹೋಗಿ ಬೇಡವೆಂದು ಬರೆದುಕೊಡುತ್ತೇನೆ, ನೀವೂ ಬನ್ನಿ ಎಂದಳು. ಬೀದಿಯಲ್ಲಿ ನಿಂತು ಅತ್ತೆ. ಆಟೋದವನೊಬ್ಬ ನಿಲ್ಲಿಸಿ, ಎಲ್ಲಿಗೆ ಹೋಗಬೇಕಮ್ಮಾ ಎಂದು ಮೆತ್ತಗೆ ಕೇಳಿದ.

ಮರುದಿನ ಬೆಳಿಗ್ಗೆ ಸಂಸ್ಥೆಯ ಆಫೀಸಿಗೆ ಹೋದೆ. ಅಪ್ಪನ ಕಾಲಿಗೆ ಬಿದ್ದು ಹೊರಟಾಗ ಅವರು ಹೇಳಿದ್ದು ಒಂದೇ ಮಾತು, ಕೂತ ಮೇಲೆ ಅವಸರ ಮಾಡಬೇಡ ಅಂತ. ಗುಮಾಸ್ತರ ಮೇಜಿನ ಮುಂದೆ ಒಂದೇ ಕುರ್ಚಿ. ಸೆಲ್ವಿ ನನಗಿಂತ ಮೊದಲೇ ಬಂದು ಅದರಲ್ಲಿ ಕೂತು, ತನಗೆ ಬೇಡವೆಂದು ಬರೆಯುತ್ತಿದ್ದಳು. ನಾನು ಹೋಗಿ ಅವಳ ಹಿಂದೆ ನಿಂತೆ. ಈ ಸಲ ಬುದ್ಧಿ ನೆಟ್ಟಗಿತ್ತು, ಬೇಕೆಂದೇ ಬೆನ್ನುಪಟ್ಟಿಯ ಮೇಲೆ ಕೈ ಇಟ್ಟೆ. ಮೇಲೆ ಫ್ಯಾನ್ ಇತ್ತು, ಅದನ್ನೇ ನೋಡುತ್ತ ನಿಂತೆ. ಅವಳು ತಿರುಗಿ ನೋಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಸಹಿ ಹಾಕಿ, ಪೆನ್ನಿಗೆ ಮುಚ್ಚಳ ಹಾಕಿ, ಎದ್ದಳು. ಕುರ್ಚಿಯನ್ನು ನನ್ನ ಕಡೆಗೆ ಒಂಚೂರು ತಿರುಗಿಸಿದಳು.

"ನಾನ್ ಸಾಪ್ಟು ಮುಡಿಚ್ಚಿಟ್ಟೇನ್ ಅಕ್ಕಾ" ಎಂದಳು. ನನ್ನ ಊಟ ಆಯಿತು ಅಂತ. "ನೀಂಗ ಉಕ್ಕಾರುಂಗ."

ಕೂತೆ. ಕುರ್ಚಿ ಬೆಚ್ಚಗಿತ್ತು.